ಗಾನಪರೀಕ್ಷೆಯ ಕ್ರಮ: ಬಗೆಬಗೆಯ ಹಾಡುಗಳನ್ನು ಅವುಗಳ ಅಳತೆಯಿಂದಲೇ ಅರಿಯುವುದು

ಪುಷ್ಯಮಾಸವು ಮಾಕಳಿದುರ್ಗದ ಸುತ್ತಮುತ್ತಲಿನ ಆಸ್ತಿಕರಿಗೆ ನಾದಮಯವಾದ ಮಾಸ. ಶುದ್ಧ ಷಷ್ಠಿಯಂದು ಘಾಟಿ ಸುಬ್ರಹ್ಮಣ್ಯದಲ್ಲಿ ಬ್ರಹ್ಮರಥೋತ್ಸವವೂ ಅದರ ಆಸುಪಾಸಿನಲ್ಲಿಯೇ ದನಗಳ ಜಾತ್ರೆಯೂ ನಡೆಯುತ್ತವೆ. ಅದೇ ಮಾಸದ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಪುಣ್ಯದಿನ. ಈ ಎರಡು ದಿನಗಳ ನಡುವೆ ಒಬ್ಬನೇ ಭಕ್ತನ ಕಿವಿಗೆ ವೇದಘೋಷ, ರಥದ ಮುಂದಿನ ನಾಗಸ್ವರ, ಕೋಲಾಟದ ಪದ, ಏಕತಾರಿಯ ತತ್ತ್ವಪದ, ಭಜನಾಮಂಡಲಿಯ ದೇವರನಾಮ, ವಿದ್ವಾಂಸರ ಕಚೇರಿ, ಮನೆಯ ಹಿರಿಯ ಸುವಾಸಿನಿಯರ ಆರತಿಯ ಹಾಡು ಇವೆಲ್ಲವೂ ಬೀಳುತ್ತವೆ. ಕೇಳುವ ಕಿವಿ ಒಂದೇ ಆದರೂ ಕೇಳಲ್ಪಡುವ ವಸ್ತು ಒಂದೇ ಅಲ್ಲ. ಆದರೆ ಗುಣದೋಷಗಳನ್ನು ಹೇಳುವಾಗ ನಾವು ಬಹುಮಟ್ಟಿಗೆ ಒಂದೇ ಅಳತೆಗೋಲನ್ನು ಹಿಡಿಯುತ್ತೇವೆ.

ಇದರ ಫಲವನ್ನು ಪ್ರತಿಯೊಂದು ಮನೆಯಲ್ಲಿಯೂ ಕಾಣಬಹುದು. ನಾಲ್ಕು ವರ್ಷ ಸಂಗೀತ ಕಲಿತ ಮೊಮ್ಮಗಳು ಅಜ್ಜಿಯ ಶೋಭಾನೆಯ ಹಾಡನ್ನು ಕೇಳಿ, “ಅಜ್ಜೀ, ಇದಕ್ಕೆ ರಾಗವೇ ಇಲ್ಲವಲ್ಲ, ಗಾಂಧಾರ ಸರಿಯಾಗಿ ನಿಲ್ಲುತ್ತಿಲ್ಲ” ಎನ್ನುತ್ತಾಳೆ. ಅಜ್ಜಿಯು ನಾಚಿ ಸುಮ್ಮನಾಗುತ್ತಾರೆ. ಮುಂದಿನ ಮದುವೆಯಲ್ಲಿ ಧ್ವನಿಮುದ್ರಿಕೆಯ ಹಾಡು ಕೇಳಬರುತ್ತದೆ. ಮೂರು ನಾಲ್ಕು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಒಂದು ಮಟ್ಟು ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಕಡೆ, ಕಚೇರಿಯಲ್ಲಿ ವಿದ್ವಾಂಸರು ಅರ್ಧ ಗಂಟೆಯ ಕಾಲ ರಾಗಾಲಾಪನೆ ಮಾಡಿದರೆ, “ಇದರಲ್ಲಿ ಭಕ್ತಿಯೆಲ್ಲಿದೆ?” ಎಂದು ಕೇಳುವ ಹಿರಿಯರೂ ಉಂಟು. ಈ ಎರಡು ತೀರ್ಪುಗಳ ದೋಷವೂ ಒಂದೇ. ಒಂದು ವಸ್ತುವಿನ ಲಕ್ಷಣವನ್ನು ಮತ್ತೊಂದರಲ್ಲಿ ಹುಡುಕಿ, ಅದು ಸಿಗಲಿಲ್ಲವೆಂದು ದೂಷಿಸುವುದು. ಆದುದರಿಂದ ಬಗೆಬಗೆಯ ಗಾನವನ್ನು ಪರೀಕ್ಷಿಸುವ ಕ್ರಮವನ್ನು ಈ ಪಾಠದಲ್ಲಿ ಸಂಗ್ರಹವಾಗಿ ವಿಚಾರಿಸೋಣ.

೧. ಭೇದಜ್ಞಾನವೇ ಮೊದಲ ಮೆಟ್ಟಿಲು

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಭೇದವು ವಸ್ತುವಿಗೆ ಹೊರಗಿನಿಂದ ಅಂಟಿದ ಧರ್ಮವಲ್ಲ. ಅದು ವಸ್ತುವಿನ ಸ್ವರೂಪವೇ ಆಗಿದೆ. ಒಂದು ವಸ್ತುವನ್ನು ಅರಿತೆವೆಂದರೆ ಅದು ಇತರ ವಸ್ತುಗಳಿಗಿಂತ ಬೇರೆಯಾದುದೆಂದು ಸಾಮಾನ್ಯವಾಗಿ ಅರಿತಂತೆಯೇ. ಈ ತತ್ತ್ವವನ್ನು ಗಾನಕ್ಕೆ ಅನ್ವಯಿಸಿದರೆ, “ಈ ಹಾಡು ಚೆನ್ನಾಗಿದೆಯೇ?” ಎಂಬ ಪ್ರಶ್ನೆಗೆ ಮೊದಲು “ಇದು ಯಾವ ಜಾತಿಯ ಹಾಡು?” ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಇಂತಹ ಭೇದವಿವೇಚನೆಗೆ ನಮ್ಮ ನೆರೆಯಲ್ಲಿಯೇ ಒಂದು ಉಜ್ಜ್ವಲ ನಿದರ್ಶನವುಂಟು. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಅರಿಯದವರಿಲ್ಲ. ಆ ಬೆಟ್ಟದ ಸಮೀಪದ ಸಾತನೂರು ತನ್ನ ಊರೆಂದು ಹೇಳಿಕೊಂಡಿರುವ ಪುಂಡರೀಕ ವಿಠ್ಠಲನು ೧೬ನೆಯ ಶತಮಾನದ ಸಂಗೀತಶಾಸ್ತ್ರಜ್ಞ. ಕನ್ನಡ ನಾಡಿನಿಂದ ಹೊರಟ ಈ ಪಂಡಿತನು ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ವನ್ನು ರಚಿಸಿ, ಅನಂತರ ಇನ್ನೂ ಉತ್ತರಕ್ಕೆ ಹೋಗಿ ‘ರಾಗಮಾಲಾ’, ‘ರಾಗಮಂಜರೀ’, ‘ನರ್ತನನಿರ್ಣಯ’ ಎಂಬ ಗ್ರಂಥಗಳನ್ನು ಬರೆದನು. ದಕ್ಷಿಣದಲ್ಲಿ ಕಲಿತ ಮೇಳಕ್ರಮದಿಂದ ರಾಗಗಳನ್ನು ವಿಂಗಡಿಸಿದ ಇವನೇ, ‘ರಾಗಮಾಲಾ’ದಲ್ಲಿ ಉತ್ತರದ ರೂಢಿಯನ್ನು ಅನುಸರಿಸಿ ಆರು ಪುರುಷರಾಗಗಳು, ಪ್ರತಿಯೊಂದಕ್ಕೂ ಐದು ಭಾರ್ಯೆಯರು, ಐದು ಪುತ್ರರು ಎಂದು ವಿಭಾಗಿಸಿದನು. ತನ್ನ ನಾಡಿನ ಅಳತೆಯೊಂದೇ ಅಳತೆಯೆಂದು ಅವನು ಹಟ ಹಿಡಿಯಲಿಲ್ಲ. ಹೋದೆಡೆಯ ಗಾನವನ್ನು ಅಲ್ಲಿನವರ ಕಿವಿಯಿಂದಲೂ ಕೇಳಿದನು. ಪುರಂದರದಾಸರ (೧೪೮೪–೧೫೬೪) ಶತಮಾನದವನೇ ಆದ ಈ ನೆರೆಯೂರಿನವನು ನಮ್ಮ ಅಭ್ಯಾಸಕ್ಕೆ ಮೇಲ್ಪಂಕ್ತಿಯಾಗಬಹುದು.

೨. ಪರೀಕ್ಷೆಗೆ ಮೂರು ಸಾಧನಗಳು

ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳು ಮಾಧ್ವರ ಮನೆಯ ಮಕ್ಕಳಿಗೂ ಪರಿಚಿತ. ಟೀಕಾಚಾರ್ಯರ ‘ಪ್ರಮಾಣಪದ್ಧತಿ’ಯು ಈ ಮೂರಕ್ಕೂ ನಿರ್ದೋಷತ್ವವೇ ಜೀವಾಳವೆಂದು ತಿಳಿಸುತ್ತದೆ. ತತ್ತ್ವನಿರ್ಣಯಕ್ಕಾಗಿ ಇರುವ ಈ ಕ್ರಮವನ್ನು ಲೌಕಿಕವಾದ ಗಾನವಿಚಾರಕ್ಕೆ ಉಪಮಾನವಾಗಿ ಮಾತ್ರ ಬಳಸಿಕೊಳ್ಳುತ್ತೇವೆ.

ಕಿವಿಗೊಟ್ಟು ಕೇಳುವುದು ಪ್ರತ್ಯಕ್ಷದ ಸ್ಥಾನದಲ್ಲಿದೆ. ಇಲ್ಲಿ ದೋಷವಾವುದು? ಕೇಳುವ ಮೊದಲೇ ರಾಗದ ಹೆಸರನ್ನು ನಿಶ್ಚಯಿಸಿಕೊಂಡಿರುವುದು, ಗದ್ದಲದ ಸ್ಥಳದಲ್ಲಿ ಕೇಳುವುದು, ಒಂದೇ ಸಲ ಕೇಳಿ ತೀರ್ಪು ಕೊಡುವುದು. ಛಂದಸ್ಸು, ತಾಳ, ಸ್ವರಸಂಚಾರಗಳಿಂದ ತರ್ಕಿಸಿ ತಿಳಿಯುವುದು ಅನುಮಾನದ ಸ್ಥಾನದಲ್ಲಿದೆ. ಹೇತು ಸಾಲದಿರುವಾಗ ಸಾಧ್ಯವನ್ನು ಹೇಳಿಬಿಡುವುದು ಇಲ್ಲಿಯ ದೋಷ. ಹಸ್ತಪ್ರತಿ, ಗುರುಪರಂಪರೆ, ಹಾಡಿದವರ ಮಾತು ಇವು ಆಪ್ತವಾಕ್ಯದ ಸ್ಥಾನದಲ್ಲಿವೆ. ಯಾರಿಂದ ಬಂದಿತೆಂದು ವಿಚಾರಿಸದೆ “ಸಂಪ್ರದಾಯ” ಎಂದುಬಿಡುವುದು ಇಲ್ಲಿಯ ದೋಷ. ಈ ಮೂರನ್ನೂ ಬೇರೆಬೇರೆಯಾಗಿ ನಡೆಸಿ, ಕೊನೆಯಲ್ಲಿ ಕೂಡಿಸಿ ನೋಡಬೇಕು. ಒಂದರಿಂದ ತಿಳಿದುದನ್ನು ಮತ್ತೊಂದರಿಂದ ತಿಳಿದುದೆಂದು ಬರೆಯಬಾರದು.

೩. ರಾಗಪ್ರಧಾನವಾದ ಗಾನ

ಕಚೇರಿಯ ಸಂಗೀತದಲ್ಲಿ ರಾಗವೇ ಪ್ರಧಾನ. ಇದನ್ನು ಪರೀಕ್ಷಿಸಲು ಶಾಸ್ತ್ರಕಾರರು ಹತ್ತು ಲಕ್ಷಣಗಳನ್ನು ಹೇಳಿದ್ದಾರೆ: ಗ್ರಹ, ಅಂಶ, ತಾರ, ಮಂದ್ರ, ನ್ಯಾಸ, ಅಪನ್ಯಾಸ, ಅಲ್ಪತ್ವ, ಬಹುತ್ವ, ಷಾಡವ, ಔಡವ. ಸುಲಭವಾಗಿ ಹೇಳುವುದಾದರೆ, ಹಾಡು ಯಾವ ಸ್ವರದಿಂದ ಆರಂಭವಾಗುತ್ತದೆ, ಯಾವ ಸ್ವರವು ಅದರ ಪ್ರಾಣವಾಗಿದೆ, ಎಷ್ಟು ಮೇಲಕ್ಕೂ ಎಷ್ಟು ಕೆಳಕ್ಕೂ ಸಂಚರಿಸುತ್ತದೆ, ಎಲ್ಲಿ ಮುಗಿಯುತ್ತದೆ, ನಡುವೆ ಎಲ್ಲಿ ತಂಗುತ್ತದೆ, ಯಾವ ಸ್ವರ ವಿರಳ, ಯಾವುದು ಹೇರಳ, ಒಟ್ಟು ಆರು ಸ್ವರಗಳೇ ಐದೇ ಎಂಬ ಪ್ರಶ್ನೆಗಳು. ೧೩ನೆಯ ಶತಮಾನದಲ್ಲಿ ದೇವಗಿರಿಯಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದಲ್ಲಿಯೂ ಈ ವಿಚಾರವು ವಿಸ್ತಾರವಾಗಿದೆ. ೧೭ನೆಯ ಶತಮಾನದ ವೆಂಕಟಮಖಿಯು ‘ಚತುರ್ದಂಡಿಪ್ರಕಾಶಿಕಾ’ದಲ್ಲಿ ೭೨ ಮೇಳಗಳನ್ನು ಗಣಿತಕ್ರಮದಿಂದ ಹೊಂದಿಸಿದನು. ಉತ್ತರದಲ್ಲಿ ವಿಷ್ಣುನಾರಾಯಣ ಭಾತಖಂಡೆಯವರು (೧೮೬೦–೧೯೩೬) ಹತ್ತು ಥಾಟುಗಳ ವಿಂಗಡಣೆಯನ್ನು ಪ್ರಚಾರಕ್ಕೆ ತಂದರು.

ಆದರೆ ಮೇಳವು ರಾಗದ ಮನೆಯೇ ಹೊರತು ರಾಗವಲ್ಲ. ಶುಕ್ರವಾರದ ಪೂಜೆಯಲ್ಲಿ ಪ್ರಸಿದ್ಧವಾದ, ಲಕ್ಷ್ಮೀದೇವಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಕಚೇರಿಗಳಲ್ಲಿ ಬಹುಮಂದಿ ಮಧ್ಯಮಾವತಿಯಲ್ಲಿ ಹಾಡುತ್ತಾರೆ. ಮಧ್ಯಮಾವತಿಯ ಆರೋಹಣ ಸ ರಿ ಮ ಪ ನಿ ಸ. ಅವರೋಹಣವೂ ಅವೇ ಸ್ವರಗಳಲ್ಲಿ. ಶ್ರೀರಾಗದ ಆರೋಹಣವೂ ಸ ರಿ ಮ ಪ ನಿ ಸ ಎಂದೇ. ಎರಡೂ ೨೨ನೆಯ ಮೇಳಕ್ಕೆ ಸೇರಿದವು. ಇಳಿಯುವಾಗ ಶ್ರೀರಾಗದಲ್ಲಿ ‘ರಿ ಗ ರಿ ಸ’ ಎಂದು ಗಾಂಧಾರವು ಒಮ್ಮೆ ಇಣುಕುತ್ತದೆ. ಆ ಒಂದು ತಿರುವಿನಿಂದಲೇ ರಾಗದ ಮುಖವು ಬೇರೆಯಾಗುತ್ತದೆ. ಏರುವ ಸ್ವರಗಳನ್ನು ಮಾತ್ರ ಎಣಿಸಿ ತೀರ್ಪು ಕೊಟ್ಟವನು ಇಲ್ಲಿ ತಪ್ಪುತ್ತಾನೆ.

ಉತ್ತರಾದಿ ಸಂಗೀತದಲ್ಲಿ ಇನ್ನೂ ಸೂಕ್ಷ್ಮವಾದ ನಿದರ್ಶನವುಂಟು. ಭೂಪಾಲಿ ಮತ್ತು ದೇಶಕಾರ ಎರಡಕ್ಕೂ ಸ ರಿ ಗ ಪ ಧ ಎಂಬ ಅವೇ ಐದು ಸ್ವರಗಳು. ನಮ್ಮ ಮೋಹನಕ್ಕೂ ಅವೇ. ಆದರೆ ಭೂಪಾಲಿಗೆ ಗಾಂಧಾರ ವಾದಿ, ದೇಶಕಾರಕ್ಕೆ ಧೈವತ ವಾದಿ. ಅಂಶಸ್ವರವು ಬದಲಾದುದರಿಂದಲೇ ಒಂದು ರಾತ್ರಿಯ ರಾಗವಾಯಿತು, ಇನ್ನೊಂದು ಬೆಳಗಿನ ರಾಗವಾಯಿತು. ದಾಸರ ಪದಗಳನ್ನು ಎಂ. ಎಲ್. ವಸಂತಕುಮಾರಿಯವರೂ (೧೯೨೮–೧೯೯೦) ಹಾಡಿದರು, ಭೀಮಸೇನ ಜೋಷಿಯವರೂ (೧೯೨೨–೨೦೧೧) ಹಾಡಿದರು. ಇಬ್ಬರ ಗಾನವನ್ನೂ ಹೋಲಿಸುವವನು “ಯಾರು ಸರಿ?” ಎಂದು ಆರಂಭಿಸದೆ, ಒಬ್ಬರು ಕೃತಿಯ ಕಟ್ಟನ್ನು ಗಮಕಗಳೊಡನೆ ನಿಲ್ಲಿಸುವ ಕ್ರಮವನ್ನೂ, ಇನ್ನೊಬ್ಬರು ಮಾತಿನ ಒಂದೆಳೆಯನ್ನು ಹಿಡಿದು ಸ್ವರವನ್ನು ವಿಸ್ತರಿಸುವ ಕ್ರಮವನ್ನೂ ಗುರುತಿಸಬೇಕು.

ಪಾಶ್ಚಾತ್ಯ ಸಂಗೀತದ ಪ್ರಧಾನವಾದ ಒಂದು ಧಾರೆಯಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ನುಡಿದು ಅವುಗಳ ಹೊಂದಾಣಿಕೆಯೇ ಅರ್ಥವನ್ನು ಹೊರುತ್ತದೆ. ಅಲ್ಲಿ ರಾಗವನ್ನು ಹುಡುಕಿದರೆ ಸಿಗದು. ಸಿಗದಿರುವುದು ದೋಷವೂ ಅಲ್ಲ. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು (೧೯೧೯–೧೯೭೪) ಕರ್ನಾಟಕ ಪದ್ಧತಿಯಲ್ಲಿ ಕೃತಿಗಳನ್ನು ರಚಿಸಿದವರು. ಅವರೇ ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಿತ್ತವರು. ಒಬ್ಬನೇ ರಸಿಕನು ಎರಡು ಗಾನಗಳನ್ನು ಎರಡು ಅಳತೆಗಳಿಂದ ಸವಿಯಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೪. ಸಾಹಿತ್ಯಪ್ರಧಾನವಾದ ಹರಿದಾಸಗಾನ

ಶ್ರೀಪಾದರಾಜರು, ವ್ಯಾಸರಾಜರು, ವಾದಿರಾಜರು, ಪುರಂದರದಾಸರು, ಕನಕದಾಸರು, ಮುಂದೆ ವಿಜಯದಾಸರು (೧೬೮೨–೧೭೫೫), ಗೋಪಾಲದಾಸರು, ಜಗನ್ನಾಥದಾಸರು (೧೭೨೮–೧೮೦೯) ಮೊದಲಾದವರ ರಚನೆಗಳಲ್ಲಿ ರಾಗವು ತತ್ತ್ವಾರ್ಥದ ವಾಹನ. ಇವುಗಳ ಪರೀಕ್ಷೆಯಲ್ಲಿ ಮೂರು ಹಂತಗಳಿವೆ.

ಮೊದಲನೆಯದು ರೂಪ. ಉಗಾಭೋಗವು ತಾಳದ ಕಟ್ಟಿಲ್ಲದುದು. ಅದನ್ನು ಆದಿತಾಳಕ್ಕೆ ಕೂರಿಸಲು ಹೊರಡುವುದು ಹಕ್ಕಿಯ ಕಾಲಿಗೆ ದಾರ ಕಟ್ಟಿದಂತೆ. ಸುಳಾದಿಯು ಇದಕ್ಕೆ ವಿರುದ್ಧ: ಅಲ್ಲಿ ಪಲ್ಲವಿಯಿಲ್ಲ, ಖಂಡದಿಂದ ಖಂಡಕ್ಕೆ ತಾಳವು ಬದಲಾಗುತ್ತ ಹೋಗಿ ಕೊನೆಯಲ್ಲಿ ‘ಜತೆ’ಯಿಂದ ಮುಗಿಯುತ್ತದೆ. ಈ ಹೆಸರಿಗೂ ಪ್ರಾಚೀನ ‘ಸಾಲಗ ಸೂಡ’ ಪ್ರಬಂಧಗಳಿಗೂ ಸಂಬಂಧವುಂಟೆಂದು ಸಂಗೀತಶಾಸ್ತ್ರಜ್ಞರು ಹೇಳುತ್ತಾರೆ. ಸಪ್ತತಾಳಗಳ ಅಕ್ಷರಗಣನೆಯನ್ನು ಮಕ್ಕಳಿಗೆ ಕೈಯಲ್ಲಿ ಹಾಕಿಸಿ ಕಲಿಸಬೇಕು: ಧ್ರುವ ೧೪, ಮಠ್ಯ ೧೦, ರೂಪಕ ೬, ಝಂಪೆ ೧೦, ತ್ರಿಪುಟ ೭, ಅಟ್ಟ ೧೪, ಏಕ ೪. ಧ್ರುವಕ್ಕೂ ಅಟ್ಟಕ್ಕೂ ೧೪ ಅಕ್ಷರಗಳೇ ಆದರೂ ಧ್ರುವವು ೪+೨+೪+೪, ಅಟ್ಟವು ೫+೫+೨+೨. ಮಠ್ಯ, ಝಂಪೆಗಳಿಗೂ ಹತ್ತೇ ಅಕ್ಷರ. ಆದರೆ ಒಂದು ೪+೨+೪, ಮತ್ತೊಂದು ೭+೧+೨. ಮೊತ್ತವನ್ನು ಎಣಿಸಿದವನಿಗೆ ಸುಳಾದಿಯು ತಿಳಿಯದು; ಒಡೆದು ಎಣಿಸಿದವನಿಗೆ ತಿಳಿಯುತ್ತದೆ. ಪದ ಅಥವಾ ದೇವರನಾಮಕ್ಕೆ ಪಲ್ಲವಿ, ಕೆಲವೆಡೆ ಅನುಪಲ್ಲವಿ, ಚರಣಗಳು, ಅಂಕಿತ ಎಂಬ ಕಟ್ಟಿದೆ.

ಎರಡನೆಯದು ಛಂದಸ್ಸು. ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿದೆ. ಅದರ ೧, ೨, ೪, ೫ನೆಯ ಪಾದಗಳು ೩+೪+೩+೪ ಎಂದು ೧೪ ಮಾತ್ರೆಗಳವು. ೩ ಮತ್ತು ೬ನೆಯ ಪಾದಗಳು ೩+೪+೩+೪+೩+೪ ಮತ್ತು ಒಂದು ಗುರು, ಒಟ್ಟು ೨೩ ಮಾತ್ರೆಗಳವು. ಪದ್ಯಕ್ಕೆ ಒಟ್ಟು ೧೦೨ ಮಾತ್ರೆ. ಮೂರು–ನಾಲ್ಕರ ಈ ನಡಿಗೆಯು ಏಳರ ಗತಿಯಾದ ಮಿಶ್ರಚಾಪಿನೊಡನೆ ತಾನಾಗಿ ಹೊಂದುತ್ತದೆ. ಹಾಡಿನ ತಾಳವು ತಿಳಿಯದಿದ್ದಾಗ ಮೊದಲು ಮಾತ್ರೆಯನ್ನು ಎಣಿಸಿದರೆ ತಾಳದ ದಾರಿಯು ಅರ್ಧ ಸಿಕ್ಕಿದಂತೆ. ಆದರೆ ತ್ರಿಪದಿ, ಸಾಂಗತ್ಯಗಳಂತಹ ಅಂಶಗಣದ ಮಟ್ಟುಗಳಲ್ಲಿ ಮಾತ್ರೆಯ ಎಣಿಕೆ ಸಾಲದು. ಅಲ್ಲಿ ಹಾಡುವವರು ಅಕ್ಷರವನ್ನು ಎಳೆದು ಗಣವನ್ನು ತುಂಬುತ್ತಾರೆ. ಆ ಎಳೆತವು ಛಂದಸ್ಸಿನ ಅಂಗವೇ ಹೊರತು ಹಾಡುವವರ ದೌರ್ಬಲ್ಯವಲ್ಲ.

ಮೂರನೆಯದು ತಾತ್ಪರ್ಯ. ಶಾಸ್ತ್ರವಾಕ್ಯದ ತಾತ್ಪರ್ಯವನ್ನು ನಿಶ್ಚಯಿಸಲು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತಾ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳುಂಟಷ್ಟೆ. ಇವನ್ನು ಮೇಲೆ ಹೇಳಿದ ಲಕ್ಷ್ಮಿಯ ಪದಕ್ಕೇ ಅನ್ವಯಿಸಿ ನೋಡೋಣ. ಉಪಕ್ರಮದಲ್ಲಿ ತಾಯಿಯನ್ನು ಮನೆಗೆ ಕರೆಯುವುದಿದೆ. ಉಪಸಂಹಾರದ ಚರಣದಲ್ಲಿ ಆ ತಾಯಿಯು ಪುರಂದರವಿಠಲನ ರಾಣಿಯೆಂಬುದು ಹೊರಬೀಳುತ್ತದೆ. ಬರಬೇಕೆಂಬ ಕರೆಯು ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವುದೇ ಅಭ್ಯಾಸ. ಕನಕವೃಷ್ಟಿ, ಮನೋರಥಸಿದ್ಧಿಗಳು ಫಲ. ದೇವಿಯ ಕಾಂತಿಯ ವರ್ಣನೆ ಅರ್ಥವಾದ. ಮಜ್ಜಿಗೆಯನ್ನು ಕಡೆದಾಗ ಬೆಣ್ಣೆಯು ಮೇಲೇಳುವ ದೃಷ್ಟಾಂತವು ಉಪಪತ್ತಿ. ಸಂಪತ್ತೆಂಬುದು ಸಜ್ಜನರ ಪೂಜೆಯ ವೇಳೆಗೆ ಹರಿಯ ಪತ್ನಿಯಾಗಿ ತಾನೇ ಹೆಜ್ಜೆಯಿಟ್ಟು ಬರುವಂತಹುದು ಎಂಬ ಭಾವವು ಅಪೂರ್ವತೆ. ಹೀಗೆ ಆರನ್ನೂ ಕೂಡಿಸಿದಾಗ ಪದದ ಮುಖ್ಯಾರ್ಥವು ಧನಪ್ರಾರ್ಥನೆಯಲ್ಲಿ ನಿಲ್ಲದೆ ಶ್ರೀಹರಿಯ ಸರ್ವೋತ್ತಮತ್ವದಲ್ಲಿ ಪರ್ಯವಸಾನವಾಗುತ್ತದೆ.

ಈ ವಿಶ್ಲೇಷಣೆಯಿಂದ ಹಾಡುವವರಿಗೆ ಎರಡು ನಿಯಮಗಳು ದೊರೆಯುತ್ತವೆ. ಸಮಯ ಸಾಲದೆಂದು ಅಂಕಿತದ ಚರಣವನ್ನು ಬಿಟ್ಟರೆ ಉಪಸಂಹಾರವೇ ಹೋಗಿ ಅರ್ಥವು ಕುಂಟಾಗುತ್ತದೆ. ಬಿಡಲೇಬೇಕಾದರೆ ನಡುವಿನ ಚರಣವನ್ನು ಬಿಡಬೇಕು. ಪಲ್ಲವಿಯ ಪುನರಾವೃತ್ತಿಯು ಉಸಿರು ತೆಗೆದುಕೊಳ್ಳುವ ಬಿಡುವಲ್ಲ, ಅದು ಅಭ್ಯಾಸಲಿಂಗ. ಪ್ರತಿ ಚರಣವಾದ ಮೇಲೂ ಅದನ್ನು ಪೂರ್ಣವಾಗಿ ಹಾಡಬೇಕು.

೫. ಪ್ರಯೋಗಪ್ರಧಾನವಾದ ಮನೆಯ ಹಾಡು

ಹಸೆಗೆ ಕರೆಯುವ ಹಾಡು, ಆರತಿ, ತೊಟ್ಟಿಲ ಪದ, ವಾದಿರಾಜರ ಲಕ್ಷ್ಮೀಶೋಭಾನೆ, ಶ್ರೀಪಾದರಾಜರ ಮಧ್ವನಾಮ ಮೊದಲಾದವನ್ನು ನಮ್ಮ ಸುವಾಸಿನಿಯರು ಹಾಡುವ ರೀತಿಯು ಕಚೇರಿಯದಲ್ಲ, ಭಜನೆಯದೂ ಅಲ್ಲ. ಇಲ್ಲಿ ಪ್ರಧಾನವಾದುದು ಕರ್ಮದೊಡನೆ ಹಾಡಿಗಿರುವ ಹೊಂದಿಕೆ. ಮದುವೆಯ ಮನೆಯಲ್ಲಿ ಹತ್ತು ಮಂದಿ ಒಟ್ಟಿಗೆ ಹಾಡಬೇಕು; ಕಲಿಯದವರೂ ದನಿಗೂಡಿಸಬೇಕು; ಹಸೆಯ ಕಾರ್ಯ ಮುಗಿಯುವವರೆಗೆ ಹಾಡು ನಿಲ್ಲಬಾರದು. ಅದಕ್ಕಾಗಿಯೇ ಮಟ್ಟಿನ ಸಂಚಾರವು ಬಹುಶಃ ನಾಲ್ಕೈದು ಸ್ವರಗಳೊಳಗೆ ಇರುತ್ತದೆ. ಪ್ರತಿ ನುಡಿಗೂ ಅದೇ ಧಾಟಿ ತಿರುಗಿ ಬರುತ್ತದೆ. ಕೊನೆಯ ‘ಶೋಭಾನೆ’ಯಲ್ಲಿ ಎಲ್ಲರೂ ಕೂಡುತ್ತಾರೆ. ಇದು ಬಡತನವಲ್ಲ, ಪ್ರಯೋಜನಕ್ಕೆ ತಕ್ಕ ರೂಪ. ತೊಟ್ಟಿಲ ಪದಕ್ಕೆ ತೊಟ್ಟಿಲ ತೂಗಾಟವೇ ತಾಳ, ಹಿಂದಿನ ಕಾಲದ ಬೀಸುವ ಪದಕ್ಕೆ ಕಲ್ಲಿನ ಸುತ್ತೇ ತಾಳ.

ಇಂತಹ ಮಟ್ಟನ್ನು ಕೇಳಿ ಒಡನೆಯೇ “ಇದು ಶಂಕರಾಭರಣ” ಎಂದುಬಿಡುವ ಪದ್ಧತಿಯೊಂದುಂಟು. ಅದು ಅನುಮಾನದೋಷ. ಒಂದು ಹಾಡಿನಲ್ಲಿ ಷಡ್ಜ, ಚತುಃಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ ಇಷ್ಟೇ ಇವೆಯೆಂದುಕೊಳ್ಳೋಣ. ಧೈವತ ನಿಷಾದಗಳು ಕೇಳಬರದೆ ಇರುವಾಗ ಅದು ೨೫ರಿಂದ ೩೦ರವರೆಗಿನ ಆರು ಮೇಳಗಳಲ್ಲಿ ಯಾವುದಕ್ಕಾದರೂ ಸೇರಬಹುದು: ಮಾರರಂಜನಿ, ಚಾರುಕೇಶಿ, ಸರಸಾಂಗಿ, ಹರಿಕಾಂಭೋಜಿ, ಧೀರಶಂಕರಾಭರಣ, ನಾಗನಂದಿನಿ. ಆರರಲ್ಲಿ ಒಂದನ್ನು ಆರಿಸಲು ಹಾಡಿನಲ್ಲಿ ಹೇತುವೇ ಇಲ್ಲ. ಹಾಗಿರುವಾಗ ಶಂಕರಾಭರಣವೆಂದು ಬರೆದು, ಅನಂತರ ಆ ರಾಗಕ್ಕೆ ತಕ್ಕಂತೆ ಧೈವತ ನಿಷಾದಗಳನ್ನು ಸೇರಿಸಿ “ತಿದ್ದಿ” ಹಾಡಿಸಿದರೆ, ಹಳೆಯ ಮಟ್ಟು ಸತ್ತು ಅದರ ಹೆಸರಿನಲ್ಲಿ ಹೊಸದೊಂದು ಹುಟ್ಟುತ್ತದೆ. “ಐದು ಸ್ವರಗಳ ಮಟ್ಟು, ಪಂಚಮದಿಂದ ಆರಂಭ, ರಿಷಭದಲ್ಲಿ ತಂಗುವಿಕೆ, ಷಡ್ಜದಲ್ಲಿ ಮುಕ್ತಾಯ” ಎಂದು ಕೇಳಿದಷ್ಟನ್ನೇ ಬರೆಯುವುದು ಸತ್ಯಕ್ಕೆ ಹತ್ತಿರ.

ಇದರಲ್ಲಿ ಇನ್ನೊಂದು ಗಂಭೀರವಾದ ವಿಚಾರವಿದೆ. ದಾಸರ ಪದಗಳ ಸಾಹಿತ್ಯವನ್ನು ಓಲೆಗರಿ, ಕಾಗದದ ಹಸ್ತಪ್ರತಿಗಳು ಕಾಪಾಡಿದುವು. ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರಂತಹ ಮಹನೀಯರು ಅವನ್ನು ಹುಡುಕಿ ಮುದ್ರಿಸಿದರು. ಆದರೆ ಪ್ರತಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ರಾಗತಾಳಗಳ ಹೆಸರು ಮಾತ್ರ. ಅದೂ ಪ್ರತಿಯಿಂದ ಪ್ರತಿಗೆ ಭಿನ್ನವಾಗಬಹುದು. ದಾಸರು ಹಾಡಿದ ಮೂಲಧಾಟಿಯು ಬಹುಪಾಲು ನಮಗೆ ಉಳಿದಿಲ್ಲ. ಇಂದು ಕಚೇರಿಯಲ್ಲಿ ಕೇಳಬರುವ ವರ್ಣಮಟ್ಟುಗಳಲ್ಲಿ ಹಲವು ಇತ್ತೀಚಿನ ವಿದ್ವಾಂಸರು ಅಳವಡಿಸಿದಂತಹವು. ಹಾಗಾದರೆ, ಮುದ್ರಣವನ್ನೂ ವೇದಿಕೆಯನ್ನೂ ಕಾಣದೆ ಅಡಿಗೆಮನೆ, ದೇವರಮನೆಗಳಲ್ಲಿ ಉಳಿದುಬಂದ ಮಟ್ಟುಗಳು ಎಷ್ಟು ಹಳೆಯವೋ ಯಾರು ಬಲ್ಲರು? ಎಲ್ಲವೂ ಪ್ರಾಚೀನವೆಂದು ಸಾಧಿಸುವುದು ತಪ್ಪು. ಪರೀಕ್ಷಿಸದೆ ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು.

೬. ವೇದಘೋಷ, ಜನಪದಗಾನ

ವೇದದ ಉದಾತ್ತ, ಅನುದಾತ್ತ, ಸ್ವರಿತಗಳನ್ನು ಇಂಪಿಗಾಗಿ ಇರುವ ಸ್ವರಗಳೆಂದು ತಿಳಿಯಬಾರದು. ಅವು ಅರ್ಥದ ಕಾವಲುಗಾರರು. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿದ ತ್ವಷ್ಟೃವಿನ ಯಾಗದಲ್ಲಿ ‘ಇಂದ್ರಶತ್ರು’ ಶಬ್ದದ ಉದಾತ್ತವು ಅಂತ್ಯದಲ್ಲಿ ಬರಬೇಕಾದುದು ಆದಿಯಲ್ಲಿ ಬಂದು, ಸಮಾಸವೇ ಬದಲಾಗಿ, ಇಂದ್ರನೇ ಅವನನ್ನು ಕೊಲ್ಲುವವನಾದ ಕಥೆಯು ಪ್ರಸಿದ್ಧ. ಆದುದರಿಂದ ವೇದಘೋಷದ ಪರೀಕ್ಷೆಯಲ್ಲಿ ಕಂಠಮಾಧುರ್ಯಕ್ಕೆ ಎರಡನೆಯ ಸ್ಥಾನ, ಸ್ವರಶುದ್ಧಿ ವರ್ಣಶುದ್ಧಿಗಳಿಗೆ ಮೊದಲನೆಯ ಸ್ಥಾನ. ಉಡುಪಿಯಲ್ಲಿ ನೈವೇದ್ಯಕಾಲದಲ್ಲಿ ಹೇಳುವ ಶ್ರೀಮದಾಚಾರ್ಯರ ದ್ವಾದಶಸ್ತೋತ್ರವು ವೇದವೂ ಅಲ್ಲ, ಕಚೇರಿಯ ಕೃತಿಯೂ ಅಲ್ಲ. ಅಲ್ಲಿ ವೃತ್ತದ ನಡಿಗೆಯೇ ಗಾನಕ್ಕೆ ಆಧಾರ.

ಜಾತ್ರೆಯ ಕೋಲಾಟವನ್ನು ಕುಳಿತು ಕೇಳುವ ಹಾಡಾಗಿ ಅಳೆದರೆ ಒಂದೇ ಸಮನೆಂದು ತೋರೀತು. ಅದನ್ನು ಕೋಲಿನ ಹೊಡೆತ, ಹೆಜ್ಜೆ, ಸುತ್ತು ಇವುಗಳೊಡನೆ ಅಳೆಯಬೇಕು. ಯಾವ ಅಕ್ಷರದ ಮೇಲೆ ಕೋಲು ಕೂಡುತ್ತದೆ, ಎಷ್ಟು ಹೆಜ್ಜೆಗೆ ಒಂದು ನುಡಿ ಮುಗಿಯುತ್ತದೆ ಎಂದು ಗುರುತಿಸಿದರೆ ಅದರ ಲೆಕ್ಕಾಚಾರವು ಬೆರಗುಗೊಳಿಸುತ್ತದೆ. ಕೈವಾರದ ನಾರೇಯಣ ತಾತಯ್ಯನವರ ತತ್ತ್ವಪದಗಳು ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡರಲ್ಲಿಯೂ ಕೇಳಬರುತ್ತವೆ. ತತ್ತ್ವಪದವನ್ನು ಪರೀಕ್ಷಿಸುವಾಗ ಏಕತಾರಿಯ ಶ್ರುತಿ, ಚಿಟಿಕೆಯ ಲಯ, ಮಾತಿನ ಒಗಟು ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು.

೭. ಸ್ವರಲಿಪಿ ಮತ್ತು ಯಂತ್ರ

ಘಾಟಿಯ ಗರ್ಭಗುಡಿಯಲ್ಲಿ ಪೂರ್ವಾಭಿಮುಖನಾದ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾದ ನರಸಿಂಹದೇವರೂ ಒಂದೇ ಶಿಲೆಯಲ್ಲಿದ್ದಾರೆ. ಹಿಂದಿರುವ ಕನ್ನಡಿಯ ಸಹಾಯದಿಂದ ನಾವು ನರಸಿಂಹದೇವರ ದರ್ಶನವನ್ನು ಪಡೆಯುತ್ತೇವೆ. ಕನ್ನಡಿಯಿಲ್ಲದಿದ್ದರೆ ಆ ಮುಖವು ಕಾಣದು. ಆದರೆ ಪೂಜೆಯು ಕನ್ನಡಿಗಲ್ಲ. ಸ್ವರಲಿಪಿಯೂ ಹಾಗೆಯೇ. ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಚಿಹ್ನೆಗಳನ್ನು ಕೊಟ್ಟರು. ಆದರೂ ಲಿಪಿಯು ಪ್ರತಿಬಿಂಬವೇ. ಬಿಂಬವು ಹಾಡುವವರ ಕಂಠದಲ್ಲಿದೆ.

ಯಂತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಅಲೆಕ್ಸಾಂಡರ್ ಎಲ್ಲಿಸ್ ಎಂಬ ಆಂಗ್ಲ ವಿದ್ವಾಂಸನು ೧೮೮೫ರಲ್ಲಿ ನಾನಾ ದೇಶಗಳ ಸ್ವರಶ್ರೇಣಿಗಳನ್ನು ಹೋಲಿಸಲು ಸ್ಥಾಯಿಯನ್ನು ೧೨೦೦ ಭಾಗಗಳಾಗಿ ಎಣಿಸುವ ಕ್ರಮವನ್ನು ಬಳಕೆಗೆ ತಂದನು. ಆ ಲೆಕ್ಕದಲ್ಲಿ ತಂಬೂರಿಯ ಶುದ್ಧ ಪಂಚಮವು ಸುಮಾರು ೭೦೨ನೆಯ ಭಾಗದಲ್ಲಿದೆ. ಸಮಭಾಗವಾಗಿ ಶ್ರುತಿಗೂಡಿಸಿದ ಹಾರ್ಮೋನಿಯಂನಲ್ಲಿ ೭೦೦ನೆಯದರಲ್ಲಿ. ಈ ಅಂತರ ಅಲ್ಪ. ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ಗಮಕವನ್ನು ಹಾರ್ಮೋನಿಯಂ ತೋರಲಾರದೆಂಬುದು ದೊಡ್ಡ ಅಂತರ. ಆದುದರಿಂದ ಅಜ್ಜಿಯ ಹಾಡನ್ನು ಹಾರ್ಮೋನಿಯಂನ ಮನೆಗಳ ಮೇಲೆ ಹುಡುಕಿ, ಸಿಗದುದನ್ನು ಅಪಸ್ವರವೆಂದು ಕರೆಯಬಾರದು. ಇಂದು ಗಣಕಯಂತ್ರವು ಕಂಠದ ಏರಿಳಿತವನ್ನು ರೇಖೆಯಾಗಿ ಬಿಡಿಸಿ ತೋರಿಸುತ್ತದೆ. ಗಾಂಧಾರವು “ನಿಲ್ಲುತ್ತಿಲ್ಲ” ಎಂದು ಕಿವಿಗೆ ತೋರಿದುದು ಪ್ರತಿ ನುಡಿಯಲ್ಲಿಯೂ ಅದೇ ಸ್ಥಳದಲ್ಲಿ ಅದೇ ರೀತ್ಯಾ ತೂಗುತ್ತಿದ್ದರೆ, ಅದು ದೋಷವಲ್ಲ, ಆ ಮಟ್ಟಿನ ಗಮಕ. ನಿಯತವಾದುದು ಲಕ್ಷಣ, ಅನಿಯತವಾದುದು ಮಾತ್ರ ಸ್ಖಲನವಿರಬಹುದು.

೮. ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಪುರಂದರದಾಸರ ಪುಣ್ಯದಿನದಿಂದ ಮಾಘ ಶುದ್ಧ ನವಮಿಯ ಮಧ್ವನವಮಿಯವರೆಗೆ ಸುಮಾರು ಒಂಬತ್ತು ದಿನಗಳ ಅವಕಾಶವಿದೆ. ಅಷ್ಟರಲ್ಲಿ ಪ್ರತಿಯೊಂದು ಮನೆಯವರೂ ಒಂದೇ ಒಂದು ಹಾಡನ್ನು ಈ ಕೆಳಗಿನಂತೆ ಪರೀಕ್ಷಿಸಬಹುದು.

(ಅ) ಮನೆಯ ಹಿರಿಯರನ್ನು, ಅವರ ಒಪ್ಪಿಗೆ ಪಡೆದು, ಗದ್ದಲವಿಲ್ಲದ ವೇಳೆಯಲ್ಲಿ ಹಾಡಿಸಿ ಮೊಬೈಲಿನಲ್ಲಿಯಾದರೂ ಮುದ್ರಿಸಿಕೊಳ್ಳಿರಿ. ಅವರು ಹಿಡಿದ ಶ್ರುತಿಯನ್ನು ಬದಲಾಯಿಸಬೇಡಿರಿ. ನಡುವೆ ತಿದ್ದಬೇಡಿರಿ.

(ಆ) ಮೂರು ದಿನ ಬಿಟ್ಟು ಅದೇ ಹಾಡನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಿರಿ. ಎರಡರಲ್ಲಿಯೂ ಒಂದೇ ಆಗಿ ಬಂದುದು ಮಟ್ಟಿನ ತಿರುಳು. ಬದಲಾದುದು ಆ ಹೊತ್ತಿನ ಅಲಂಕಾರ.

(ಇ) ಯಾರಿಂದ ಕಲಿತರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ತವರಿನ ಮಟ್ಟು, ಅತ್ತೆಯ ಮನೆಯ ಮಟ್ಟು ಬೇರೆಬೇರೆಯಿದ್ದರೆ ಎರಡನ್ನೂ ಬರೆಯಿರಿ.

(ಈ) ಸಾಹಿತ್ಯವನ್ನು ಹಾಡಿದಂತೆಯೇ ಬರೆದು, ಅನಂತರ ಅಚ್ಚಾದ ಪುಸ್ತಕದೊಡನೆ ಹೋಲಿಸಿರಿ. ಪಾಠಾಂತರವನ್ನು ಪಕ್ಕದಲ್ಲಿ ಬರೆಯಿರಿ, ಮೊದಲಿನದನ್ನು ಅಳಿಸಬೇಡಿರಿ.

(ಉ) ಮಾತ್ರೆ, ತಾಳ, ಆರಂಭದ ಸ್ವರ, ತಂಗುವ ಸ್ವರ, ಮುಕ್ತಾಯದ ಸ್ವರ, ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರ ಇವನ್ನು ಗುರುತಿಸಿರಿ. ರಾಗದ ಹೆಸರನ್ನು ಕಡೆಯಲ್ಲಿ, ಹೇತುವಿದ್ದರೆ ಮಾತ್ರ ಬರೆಯಿರಿ.

(ಊ) ಆರು ತಾತ್ಪರ್ಯಲಿಂಗಗಳಿಂದ ಅರ್ಥವನ್ನು ನಿಶ್ಚಯಿಸಿ, ಮಕ್ಕಳಿಗೆ ಹೇಳಿರಿ.

ಈ ಕೆಲಸಕ್ಕೆ ದೊಡ್ಡ ವಿದ್ವತ್ತು ಬೇಕಿಲ್ಲ. ತಾಳ್ಮೆ ಮತ್ತು ಗೌರವ ಬೇಕು. ಸಂಗೀತ ಕಲಿತ ಮೊಮ್ಮಗಳೇ ಇದಕ್ಕೆ ಅತ್ಯಂತ ಯೋಗ್ಯಳು. ಸ್ವರವನ್ನು ಗುರುತಿಸುವ ಅವಳ ಶಿಕ್ಷಣವು ಅಜ್ಜಿಯನ್ನು ಸುಮ್ಮನಾಗಿಸುವುದಕ್ಕೆ ಬದಲಾಗಿ ಹಾಡಿಸುವುದಕ್ಕೆ ಬಳಕೆಯಾದರೆ ಆ ಶಿಕ್ಷಣವೂ ಸಾರ್ಥಕ, ಆ ಹಾಡೂ ಚಿರಂಜೀವಿ.

ಕಡೆಯದಾಗಿ ಒಂದು ಮಾತು. ಸ್ವರವನ್ನು ಕಿವಿಯೂ ಯಂತ್ರವೂ ಅಳೆಯಬಲ್ಲವು. ತಾಳವನ್ನು ಕೈಯು ಅಳೆಯಬಲ್ಲದು. ಅರ್ಥವನ್ನು ಬುದ್ಧಿಯು ಅಳೆಯಬಲ್ಲದು. ಹಾಡುವಾಗ ಅಂತರಂಗದಲ್ಲಿ ಉಂಟಾಗುವ ಭಕ್ತಿಸುಖಕ್ಕೆ ಮಾತ್ರ ಸಾಕ್ಷಿಯೇ ಪ್ರಮಾಣ. ಅದು ಪರರಿಗೆ ಕಾಣದು. ಆದುದರಿಂದ ಗಾನದ ಗುಣದೋಷಗಳನ್ನು ಧಾರಾಳವಾಗಿ ವಿಚಾರಿಸೋಣ. ಹಾಡಿದವರ ಭಕ್ತಿಯ ಮೇಲೆ ತೀರ್ಪು ಕೊಡುವ ಅಧಿಕಾರವು ನಮಗಿಲ್ಲವೆಂಬುದನ್ನು ನೆನಪಿಡೋಣ. ಸಕಲ ನಾದಗಳಿಗೂ ನಿಯಾಮಕನಾದ ಶ್ರೀಹರಿಯು ಶ್ರೀವಾಯುದೇವರ ಅಂತರ್ಗತನಾಗಿ, ಪ್ರತಿಯೊಂದು ಕಂಠದಲ್ಲಿಯೂ ಅದಕ್ಕೆ ತಕ್ಕ ಗಾನವನ್ನು ನುಡಿಸಿ, ಕೇಳುವ ನಮಗೆ ಅದನ್ನು ಅರಿಯುವ ವಿವೇಕವನ್ನು ಕೊಡಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥